ಮನೆಯ ಮೇಲೆ ಸಾಲ, ಮಾಡಿನ ಮೇಲೆ ಸೋಲಾರ್

ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆ ಮಾಡಿಕೊಂಡಿರುವ ನಮ್ಮಂಥವರ ಬಾಗಿಲಿಗೆ ಸೋಲಾರ್ ಮಾರುವವರು ಬಂದರೆ, ಅವರ ಮಾತು ಪ್ಯಾನೆಲ್‌ಗಳ ಗುಣಗಾನದಿಂದ ಶುರುವಾಗಿ ತಿಂಗಳ ಕಂತಿನಲ್ಲಿ ಮುಗಿಯುತ್ತದೆ. ‘ಈಗ ನೀವು ಕಟ್ಟುತ್ತಿರುವ ಕರೆಂಟ್ ಬಿಲ್ಲಿಗಿಂತ ಈ ಕಂತು ಕಡಿಮೆ’ ಎಂಬ ಒಂದು ವಾಕ್ಯದ ಹಿಂದೆ ನಗದು ಬೆಲೆ ಎಷ್ಟು, ಸಾಲ ಎಷ್ಟು ವರ್ಷದ್ದು, ಕೊನೆಗೆ ಒಟ್ಟು ಕಟ್ಟುವುದೆಷ್ಟು ಎಂಬ ಮೂರೂ ಪ್ರಶ್ನೆಗಳು ಮರೆಯಾಗಿಬಿಡುತ್ತವೆ. ಪ್ಯಾನೆಲ್ ಮತ್ತು ಬ್ಯಾಟರಿಯನ್ನು ಮನೆಯ ಈಕ್ವಿಟಿಯ ಮೇಲೆ ಸಾಲ ತೆಗೆದು ಹಾಕಿಸಬೇಕೇ ಎಂದು ಗೆಳೆಯರು ಆಗಾಗ ಕೇಳುತ್ತಾರೆ, ನಾವೂ ಮನೆಯಲ್ಲಿ ಇದನ್ನೇ ಲೆಕ್ಕ ಹಾಕುತ್ತಿದ್ದೇವೆ. ಹೀಗಾಗಿ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ತಲುಪಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹೋಮ್ ಈಕ್ವಿಟಿ ಸಾಲದ ಲಾಭವಿರುವುದು ಬಡ್ಡಿ ದರದಲ್ಲಲ್ಲ, ನಗದು ಕೊಟ್ಟು ಕೊಳ್ಳುವ ಗಿರಾಕಿಯಾಗುವುದರಲ್ಲಿ; ಅದರ ಅಪಾಯವಿರುವುದು ಅವಧಿಯಲ್ಲಿ. ಆದ್ದರಿಂದ ಎಷ್ಟು ಕಿಲೋವ್ಯಾಟ್ ಬೇಕೆಂದು ತೀರ್ಮಾನಿಸುವ ಮೊದಲು ಎಷ್ಟು ವರ್ಷದಲ್ಲಿ ತೀರಿಸುತ್ತೇವೆಂದು ತೀರ್ಮಾನಿಸಬೇಕು.

ಮನೆಯ ಇಂದಿನ ಮಾರುಕಟ್ಟೆ ಬೆಲೆಯಿಂದ ಬ್ಯಾಂಕಿಗೆ ಇನ್ನೂ ಕೊಡಬೇಕಾದ ಅಸಲನ್ನು ಕಳೆದರೆ ಉಳಿಯುವುದು ಈಕ್ವಿಟಿ. ಅದು ನಮ್ಮದೇ ಹಣ ಎಂಬ ಭಾವನೆ ಸಹಜವಾದರೂ, ಮನೆ ಮಾರುವವರೆಗೆ ಅದನ್ನು ಮುಟ್ಟಲು ಇರುವ ದಾರಿಯೆಂದರೆ ಮನೆಯನ್ನು ಇನ್ನೊಮ್ಮೆ ಅಡವಿಡುವುದು. ಮೊದಲ ಅಡಮಾನ ಮತ್ತು ಹೊಸ ಸಾಲ ಎರಡೂ ಸೇರಿ ಮನೆಯ ಬೆಲೆಯ ಶೇ. 80ರಿಂದ 85ರಷ್ಟನ್ನು ಮೀರದಂತೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುತ್ತವೆ. ಸಾಲದ ಕಂತು ತಪ್ಪಿದರೆ ಹೋಗುವುದು ಮಾಡಿನ ಮೇಲಿನ ಪ್ಯಾನೆಲ್ ಅಲ್ಲ, ಮನೆ. ಕಂತು ಕಟ್ಟುವ ವರ್ಷಗಳುದ್ದಕ್ಕೂ ಈ ಒಂದು ಸಂಗತಿ ಹಿಂದೆಯೇ ಇರುತ್ತದೆಂಬುದನ್ನು ಒಪ್ಪಿಕೊಂಡ ಮೇಲೆಯೇ ಉಳಿದ ಲೆಕ್ಕಕ್ಕೆ ಅರ್ಥ.

ಹಾಗಿದ್ದರೂ ಈ ದಾರಿಯನ್ನು ಯೋಚಿಸಲು ಕಾರಣವಾಗುವುದು ಸೋಲಾರ್ ಕಂಪನಿಗಳು ಸ್ಥಳದಲ್ಲೇ ಬರೆಸಿಕೊಳ್ಳುವ ಸಾಲ. ಜಾಹೀರಾತಿನಲ್ಲಿ ಶೇ. 3.99 ಎಂದು ಕಾಣುವ ಬಡ್ಡಿ ದರ, ಬ್ಯಾಂಕುಗಳ ಸಾಮಾನ್ಯ ಸಾಲದ ದರಗಳೇ ಅದಕ್ಕಿಂತ ಹೆಚ್ಚಿರುವಾಗ ಎಲ್ಲಿಂದ ಬರುತ್ತದೆ? ಉತ್ತರದ ಹೆಸರು ಡೀಲರ್ ಫೀ. ಸಾಲ ಕೊಡುವ ಸಂಸ್ಥೆ ಕಡಿಮೆ ಬಡ್ಡಿಯಿಂದಾಗುವ ನಷ್ಟವನ್ನು ಮೊದಲೇ ಅಸಲಿಗೆ ಸೇರಿಸಿಬಿಡುತ್ತದೆ, ಮತ್ತು ಆ ಹೆಚ್ಚುವರಿ ಮೊತ್ತ ಉಪಕರಣದ ಬೆಲೆಯೊಳಗೇ ಕರಗಿರುವುದರಿಂದ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯಾದ ಸಿಎಫ್‌ಪಿಬಿ 2024ರ ಆಗಸ್ಟಿನಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಂಥ ಸಾಲಗಳ ಅಸಲು ನಗದು ಬೆಲೆಗಿಂತ ಶೇ. 30ರಷ್ಟು ಅಥವಾ ಅದಕ್ಕೂ ಹೆಚ್ಚು ಇರಬಹುದೆಂದು ಎಚ್ಚರಿಸಿತ್ತು.

ಇದನ್ನು ಅಂಕಿಗಳಲ್ಲಿ ನೋಡೋಣ. 8 ಕಿಲೋವ್ಯಾಟ್ ಪ್ಯಾನೆಲ್‌ಗಳಿಗೆ ವ್ಯಾಟಿಗೆ 3 ಡಾಲರಿನಂತೆ 24,000 ಡಾಲರ್, 13.5 ಯೂನಿಟ್ ಹಿಡಿಯುವ ಒಂದು ಬ್ಯಾಟರಿಗೆ 14,000 ಡಾಲರ್, ಒಟ್ಟು ನಗದು ಬೆಲೆ 38,000 ಡಾಲರ್ ಎಂದು ಇಟ್ಟುಕೊಳ್ಳೋಣ. ಇವು ನನ್ನ ಲೆಕ್ಕಕ್ಕೆಂದು ಹಿಡಿದ ಮೊತ್ತಗಳು. ನಿಮ್ಮ ಕೊಟೇಶನ್ನಿನ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಡಬೇಕು. ಈ ಮೊತ್ತವನ್ನು ಶೇ. 8ರ ಸ್ಥಿರ ಬಡ್ಡಿಯ ಹೋಮ್ ಈಕ್ವಿಟಿ ಸಾಲವಾಗಿ 15 ವರ್ಷಕ್ಕೆ ತೆಗೆದರೆ ಕಂತು ತಿಂಗಳಿಗೆ ಸುಮಾರು 363 ಡಾಲರ್, ಒಟ್ಟು ಕಟ್ಟುವುದು ಸುಮಾರು 65,400. ಅದೇ ವ್ಯವಸ್ಥೆಯನ್ನು ಶೇ. 30ರ ಡೀಲರ್ ಫೀ ಸೇರಿಸಿ 49,400 ಡಾಲರಿಗೆ, ಶೇ. 3.99ರ ಬಡ್ಡಿಯಲ್ಲಿ, 25 ವರ್ಷಕ್ಕೆ ಕೊಂಡರೆ ಕಂತು ಕೇವಲ 260, ಆದರೆ ಒಟ್ಟು ಮೊತ್ತ 78,100. ಮಾರಾಟಗಾರ ತೋರಿಸುವುದು 363 ಮತ್ತು 260ರ ನಡುವಿನ ವ್ಯತ್ಯಾಸವನ್ನು. ಅವನು ತೋರಿಸದ ಇನ್ನೊಂದು ವ್ಯತ್ಯಾಸ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಐದು ವರ್ಷದ ನಂತರ ಮನೆ ಮಾರಬೇಕಾಗಿ ಬಂದರೆ, ಹೋಮ್ ಈಕ್ವಿಟಿ ಸಾಲದಲ್ಲಿ ಉಳಿದಿರುವ ಬಾಕಿ ಸುಮಾರು 29,900 ಡಾಲರ್. ಸೋಲಾರ್ ಸಾಲದಲ್ಲಿ ಉಳಿದಿರುವುದು ಸುಮಾರು 43,000. ಅಂದರೆ ಐದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೂ, ಉಪಕರಣ ಹೊಸದಾಗಿದ್ದಾಗಿನ ನಗದು ಬೆಲೆಗಿಂತ 5,000 ಡಾಲರ್ ಹೆಚ್ಚು ಸಾಲ ಉಳಿದಿರುತ್ತದೆ. ಡೀಲರ್ ಫೀ ಕಡಿಮೆ ಬಡ್ಡಿಗಾಗಿ ಮುಂಗಡ ತೆತ್ತ ಶುಲ್ಕವಾದ್ದರಿಂದ, ಸಾಲವನ್ನು ಬೇಗ ತೀರಿಸುವವರಿಗೆ ಅದರಲ್ಲಿ ಒಂದು ಡಾಲರೂ ಹಿಂದಿರುಗುವುದಿಲ್ಲ.

ಹೀಗಾಗಿ ಕೊಟೇಶನ್ ಕೇಳುವಾಗ ‘ನಗದು ಕೊಟ್ಟರೆ ಎಷ್ಟು?’ ಎಂಬುದು ಮೊದಲ ಪ್ರಶ್ನೆಯಾಗಬೇಕು, ಮತ್ತು ಅದರ ಉತ್ತರ ಬರಹದಲ್ಲಿರಬೇಕು. ಹಣ ನಮ್ಮ ಉಳಿತಾಯದ್ದೋ ಬ್ಯಾಂಕಿನದ್ದೋ ಎಂಬುದು ಅಳವಡಿಸುವವರಿಗೆ ಸಂಬಂಧಿಸಿದ್ದಲ್ಲ.

ಮನೆಯ ಈಕ್ವಿಟಿಯಿಂದ ಹಣ ತೆಗೆಯುವ ದಾರಿಗಳು ಮೂರು, ಅವು ಒಂದೇ ಅಲ್ಲ. ಇರುವ ಗೃಹಸಾಲವನ್ನೇ ತೀರಿಸಿ ಹೆಚ್ಚಿನ ಮೊತ್ತಕ್ಕೆ ಹೊಸ ಸಾಲ ಮಾಡುವ ಕ್ಯಾಶ್ ಔಟ್ ರೀಫೈನಾನ್ಸನ್ನು 2020 ಮತ್ತು 2021ರಲ್ಲಿ ಶೇ. 3ರ ಆಸುಪಾಸಿನ ದರಕ್ಕೆ ಸಾಲ ಮಾಡಿಕೊಂಡವರು ಯೋಚನೆಯಲ್ಲೂ ತರಬಾರದು. 4 ಲಕ್ಷ ಡಾಲರಿನ ಬಾಕಿಯನ್ನು ಶೇ. 3ರಿಂದ ಶೇ. 6.5ಕ್ಕೆ ಏರಿಸಿಕೊಂಡರೆ ಮೊದಲ ವರ್ಷದಲ್ಲೇ 14,000 ಡಾಲರಿನಷ್ಟು ಹೆಚ್ಚುವರಿ ಬಡ್ಡಿಯಾಗುತ್ತದೆ. 38,000 ಡಾಲರಿನ ಅಗತ್ಯಕ್ಕೆ ಅದು ಹುಚ್ಚು ವೆಚ್ಚ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಅಗತ್ಯವಿಲ್ಲ.

ಎರಡನೆಯದು ಹೆಲಾಕ್, ಅಂದರೆ ಮನೆಯ ಆಧಾರದ ಮೇಲೆ ಬ್ಯಾಂಕು ಮಂಜೂರು ಮಾಡುವ ಸಾಲದ ಮಿತಿ. ಬೇಕಾದಾಗ ಬೇಕಾದಷ್ಟು ತೆಗೆಯಬಹುದು, ತೆಗೆದ ಮೊತ್ತಕ್ಕೆ ಮಾತ್ರ ಬಡ್ಡಿ. ಸಾಮಾನ್ಯವಾಗಿ ಮೊದಲ 10 ವರ್ಷ ಹಣ ತೆಗೆಯುವ ಅವಧಿ, ಆಗ ಬಡ್ಡಿಯಷ್ಟನ್ನೇ ಕಟ್ಟಿದರೂ ಸಾಕು. ನಂತರದ 20 ವರ್ಷ ಅಸಲು ಸಹಿತ ತೀರಿಸುವ ಅವಧಿ. ಇದರ ಬಡ್ಡಿ ಪ್ರೈಮ್ ದರಕ್ಕೆ, ಅಂದರೆ ಬ್ಯಾಂಕುಗಳು ತಮ್ಮ ಅತ್ಯಂತ ನಂಬಿಕಸ್ಥ ಗಿರಾಕಿಗಳಿಗೆ ಹಾಕುವ ದರಕ್ಕೆ ಅಂಟಿಕೊಂಡಿರುತ್ತದೆ, ಪ್ರೈಮ್ ದರ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ದರದ ಜೊತೆಗೇ ಏರಿಳಿಯುತ್ತದೆ. 2022ರ ಮಾರ್ಚ್ ಆರಂಭದಲ್ಲಿ ಶೇ. 3.25 ಇದ್ದ ಪ್ರೈಮ್ ದರ 2023ರ ಜುಲೈ ಕೊನೆಯ ಹೊತ್ತಿಗೆ ಶೇ. 8.5 ಆಗಿತ್ತು. ಪ್ರೈಮ್ ದರಕ್ಕೇ 30,000 ಡಾಲರ್ ತೆಗೆದವರು ತಿಂಗಳಿಗೆ ಕಟ್ಟುತ್ತಿದ್ದ 81 ಡಾಲರಿನ ಬಡ್ಡಿ ಒಂದೂವರೆ ವರ್ಷ ತುಂಬುವ ಮೊದಲೇ 212 ಡಾಲರಿಗೆ ಏರಿತು. ಪ್ಯಾನೆಲ್ ಉತ್ಪಾದಿಸುವ ವಿದ್ಯುತ್ತು ಮಾತ್ರ ಅಷ್ಟೇ ಇತ್ತು.

ಹೆಲಾಕಿನ ಬದಲಾಗುವ ಬಡ್ಡಿಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಅದರ ಬಡ್ಡಿಯಷ್ಟನ್ನೇ ಕಟ್ಟುವ ಸೌಕರ್ಯ. ದರ ಶೇ. 8ರಲ್ಲೇ ನಿಂತಿತೆಂದುಕೊಂಡರೂ, 38,000 ಡಾಲರಿಗೆ ಮೊದಲ ಹತ್ತು ವರ್ಷ ತಿಂಗಳಿಗೆ 253 ಡಾಲರ್ ಕಟ್ಟಿದಾಗ ಅಸಲು ಒಂದು ಡಾಲರೂ ಕರಗಿರುವುದಿಲ್ಲ. ಆಮೇಲಿನ ಇಪ್ಪತ್ತು ವರ್ಷ ತಿಂಗಳಿಗೆ 318ರಂತೆ ಕಟ್ಟಿ ಮುಗಿಸುವ ಹೊತ್ತಿಗೆ ಒಟ್ಟು 1,06,000 ಡಾಲರ್ ದಾಟಿರುತ್ತದೆ. ಈಗ ಬ್ಯಾಟರಿಯ ಆಯುಷ್ಯವನ್ನು ಇದರ ಪಕ್ಕದಲ್ಲಿಡಿ. ಮನೆ ಬಳಕೆಯ ಬ್ಯಾಟರಿಗಳಿಗೆ ಸಾಮಾನ್ಯವಾಗಿ ಸಿಗುವ ವಾರಂಟಿ 10 ವರ್ಷ, ಅದೂ ಅವಧಿಯ ಕೊನೆಗೆ ಶೇ. 70ರಷ್ಟು ಸಾಮರ್ಥ್ಯ ಉಳಿದಿರುತ್ತದೆಂಬ ಮಾತಿನೊಂದಿಗೆ. ಬ್ಯಾಟರಿಯ ವಾರಂಟಿ ಮುಗಿಯುವ ವರ್ಷವೇ ಅದರ ಅಸಲನ್ನು ತೀರಿಸಲು ಶುರು ಮಾಡುವುದೆಂದರೆ, ಎರಡನೆಯ ಬ್ಯಾಟರಿ ಕೊಳ್ಳಬೇಕಾದ ಕಾಲದಲ್ಲಿ ಮೊದಲನೆಯದರ ಪೂರ್ತಿ ಸಾಲ ತಲೆಯ ಮೇಲಿರುತ್ತದೆ ಎಂದರ್ಥ.

ಮೂರನೆಯದು ಸ್ಥಿರ ಬಡ್ಡಿಯ, ಒಂದೇ ಗಂಟಿನ ಹೋಮ್ ಈಕ್ವಿಟಿ ಸಾಲ. ಸೋಲಾರಿನಂಥ ನಿಗದಿತ ಬೆಲೆಯ, ಒಮ್ಮೆ ಮಾಡಿ ಮುಗಿಯುವ ಕೆಲಸಕ್ಕೆ ಇದು ಹೊಂದುತ್ತದೆ ಎಂಬುದು ನನ್ನ ಎಣಿಕೆ. ಹೆಲಾಕಿನ ಪರವಾಗಿ ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ: ಕೆಲಸ ಮುಂದುವರಿದಂತೆ ಹಣ ಬಿಡುಗಡೆ ಮಾಡಲು ಅದು ಅನುಕೂಲ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಮನೆ ದುರಸ್ತಿ ಮತ್ತು ಸುಧಾರಣೆಯ ಕಂಟ್ರಾಕ್ಟಿನಲ್ಲಿ ಮುಂಗಡವು ಒಟ್ಟು ಬೆಲೆಯ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ. ಉಳಿದದ್ದನ್ನು ಉಪಕರಣ ಮನೆಗೆ ಬಂದಾಗ, ಅಳವಡಿಕೆ ಮುಗಿದಾಗ, ನಗರಪಾಲಿಕೆಯ ತಪಾಸಣೆಯಾದಾಗ ಎಂದು ಹಂತಹಂತವಾಗಿ ಕೊಡಬಹುದು. ಕೊನೆಯ ಕಂತನ್ನು ವಿದ್ಯುತ್ ಕಂಪನಿಯು ಚಾಲನೆಗೆ ಅನುಮತಿ ಕೊಡುವವರೆಗೆ ಹಿಡಿದಿಟ್ಟುಕೊಳ್ಳುವ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಆ ಅನುಮತಿ ಸಿಗುವವರೆಗೆ ಮಾಡಿನ ಮೇಲಿರುವುದು ಬರೀ ಗಾಜು. ಕೆಲವು ಬ್ಯಾಂಕುಗಳು ಹೆಲಾಕಿನಲ್ಲಿ ತೆಗೆದ ಮೊತ್ತವನ್ನು ಸ್ಥಿರ ಬಡ್ಡಿಗೆ ಬದಲಾಯಿಸಿಕೊಳ್ಳಲು ಅವಕಾಶ ಕೊಡುತ್ತವೆ. ಅಂಥದ್ದು ಸಿಕ್ಕರೆ ಎರಡರ ಅನುಕೂಲವೂ ದಕ್ಕುತ್ತದೆ. ಯಾವುದನ್ನೇ ಆರಿಸಿದರೂ, ವಾಸದ ಮನೆಯ ಮೇಲಿನ ಇಂಥ ಸಾಲಕ್ಕೆ ಸಹಿ ಹಾಕಿದ ಮೇಲೆ ಮೂರು ವ್ಯವಹಾರದ ದಿನಗಳೊಳಗೆ ಕಾರಣ ಕೊಡದೆ ರದ್ದುಗೊಳಿಸುವ ಹಕ್ಕನ್ನು ಫೆಡರಲ್ ಕಾನೂನು ಕೊಟ್ಟಿದೆ.

ಇನ್ನು ಮಾಡಿನ ಮೇಲಿನ ಲೆಕ್ಕ. 2022ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸೇವೆಗಳ ಆಯೋಗ ಹೊಸ ನಿಯಮ ತಂದಿತು. 2023ರ ಏಪ್ರಿಲ್ 15ರಿಂದ ರಾಜ್ಯದ ಮೂರು ದೊಡ್ಡ ಖಾಸಗಿ ವಿದ್ಯುತ್ ಕಂಪನಿಗಳ ವ್ಯಾಪ್ತಿಯಲ್ಲಿ ಅರ್ಜಿ ಹಾಕಿದವರಿಗೆ ಹಳೆಯ ನೆಟ್ ಮೀಟರಿಂಗ್, ಅಂದರೆ ಗ್ರಿಡ್ಡಿಗೆ (ವಿದ್ಯುತ್ ಜಾಲಕ್ಕೆ) ಕಳಿಸಿದ ಯೂನಿಟ್ಟಿಗೆ ಹೆಚ್ಚುಕಡಿಮೆ ನಾವು ಕೊಳ್ಳುವ ದರವೇ ಸಿಗುವ ಪದ್ಧತಿ, ಇಲ್ಲ. ಗ್ರಿಡ್ಡಿಗೆ ಕಳಿಸಿದ ಯೂನಿಟ್ಟಿಗೆ ಸಿಗುವ ಬೆಲೆ ಸರಾಸರಿ ಮುಕ್ಕಾಲು ಪಾಲು ಇಳಿಯಿತು. ಹಳೆಯ ಗಿರಾಕಿಗಳಿಗೆ 20 ವರ್ಷದವರೆಗೆ ಹಳೆಯ ಷರತ್ತುಗಳೇ ಮುಂದುವರಿಯುತ್ತವೆ. ಆದ್ದರಿಂದ 2021ರಲ್ಲಿ ಹಾಕಿಸಿದ ಪಕ್ಕದ ಮನೆಯವರ ‘ಆರು ವರ್ಷದಲ್ಲಿ ಹಣ ವಾಪಸ್’ ಎಂಬ ಲೆಕ್ಕ ಇಂದು ಹಾಕಿಸುವವರಿಗೆ ಅನ್ವಯಿಸುವುದಿಲ್ಲ. ಈಗ ಹೆಚ್ಚಿನ ಗಂಟೆಗಳಲ್ಲಿ ನಾವು ಕಳಿಸುವ ಯೂನಿಟ್ಟಿಗೆ ಹತ್ತು ಸೆಂಟಿಗೂ ಕಡಿಮೆ ಸಿಗುತ್ತದೆ, ಸಂಜೆ ನಾಲ್ಕರಿಂದ ಒಂಬತ್ತರ ನಡುವೆ ನಾವು ಕೊಳ್ಳುವ ಯೂನಿಟ್ಟಿಗೆ ಅದರ ಹಲವು ಪಟ್ಟು ಕೊಡುತ್ತೇವೆ. ಬೇಸಿಗೆಯ ಕೊನೆಯ ಕೆಲವು ಸಂಜೆಗಳಲ್ಲಿ ಕಳಿಸುವ ಬೆಲೆ ಬಹಳ ಏರುವುದುಂಟು, ಆದರೆ ಅದನ್ನು ನಂಬಿ ಸಾಲ ಮಾಡಲಾಗದು. ಬ್ಯಾಟರಿ ಎಂಬುದು ಐಚ್ಛಿಕ ಐಷಾರಾಮದಿಂದ ಲೆಕ್ಕದ ಕೇಂದ್ರಕ್ಕೆ ಬಂದದ್ದು ಈ ನಿಯಮದಿಂದ.

8 ಕಿಲೋವ್ಯಾಟ್ ಪ್ಯಾನೆಲ್‌ಗಳು ಇಲ್ಲಿನ ಬಿಸಿಲಿಗೆ ವರ್ಷಕ್ಕೆ ಸುಮಾರು 12,000 ಯೂನಿಟ್ ಕೊಡುತ್ತವೆ ಎನ್ನೋಣ. ಅದರಲ್ಲಿ 4,800 ಯೂನಿಟ್ ಹಗಲಲ್ಲೇ ಮನೆಯಲ್ಲಿ ಬಳಕೆಯಾಗಿ ಯೂನಿಟ್ಟಿಗೆ 38 ಸೆಂಟ್ ಉಳಿಸುತ್ತದೆ. 3,600 ಯೂನಿಟ್ ಬ್ಯಾಟರಿಯ ಮೂಲಕ ಸಂಜೆಗೆ ಸಾಗಿ 45 ಸೆಂಟ್ ಉಳಿಸುತ್ತದೆ. ಉಳಿದ 3,600 ಯೂನಿಟ್ ಗ್ರಿಡ್ಡಿಗೆ ಹೋಗಿ ತಲಾ 7 ಸೆಂಟ್ ತರುತ್ತದೆ. ಬ್ಯಾಟರಿಯಲ್ಲಿ ತುಂಬಿ ತೆಗೆಯುವಾಗಿನ ಸಣ್ಣ ಸೋರಿಕೆಯನ್ನು ಬದಿಗಿಟ್ಟರೆ ಇದೆಲ್ಲ ಸೇರಿ ವರ್ಷಕ್ಕೆ ಸುಮಾರು 3,700 ಡಾಲರ್. 15 ವರ್ಷದ ಸಾಲದ ಕಂತು ವರ್ಷಕ್ಕೆ 4,360 ಡಾಲರ್. ಮೊದಲ ದಿನದಿಂದಲೇ ಕಂತು ಬಿಲ್ಲಿಗಿಂತ ಕಡಿಮೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ವಿದ್ಯುತ್ ದರ ವರ್ಷಕ್ಕೆ ಶೇ. 4ರಂತೆ ಏರಿದರೆ ಐದಾರು ವರ್ಷದ ಹೊತ್ತಿಗೆ ಎರಡೂ ಸಮವಾಗಬಹುದು. ಅದರೊಂದಿಗೆ ಪ್ಯಾನೆಲ್‌ಗಳು ವರ್ಷಕ್ಕೆ ಶೇ. ಅರ್ಧದಷ್ಟು ಕ್ಷೀಣಿಸುವುದನ್ನೂ ಸೇರಿಸಿಕೊಳ್ಳಬೇಕು. ದರ ಏರಿಕೆಯನ್ನು ಮಾರಾಟಗಾರರ ಕಾಗದದಲ್ಲಿ ಹೆಚ್ಚಾಗಿ ಇದಕ್ಕಿಂತ ಉದಾರವಾಗಿ ಹಿಡಿದಿರುತ್ತಾರೆ. ಆದರೆ 2024ರ ಮೇ ತಿಂಗಳ ತೀರ್ಮಾನದಂತೆ ರಾಜ್ಯದ ದೊಡ್ಡ ಕಂಪನಿಗಳು ಹೆಚ್ಚಿನ ಗಿರಾಕಿಗಳಿಂದ ತಿಂಗಳಿಗೆ 24 ಡಾಲರಿನಷ್ಟು ಸ್ಥಿರ ಶುಲ್ಕ ವಸೂಲಿ ಮಾಡಿ, ಬದಲಿಗೆ ಯೂನಿಟ್ ದರವನ್ನು ಸ್ವಲ್ಪ ಇಳಿಸುವ ಪದ್ಧತಿಗೆ ಬಂದಿವೆ. ಸ್ಥಿರ ಶುಲ್ಕವನ್ನು ಯಾವ ಪ್ಯಾನೆಲ್ಲೂ ಕಡಿಮೆ ಮಾಡಲಾರದು, ಇಳಿದ ಯೂನಿಟ್ ದರ ಸೋಲಾರಿನ ಉಳಿತಾಯವನ್ನೂ ಇಳಿಸುತ್ತದೆ.

ಇಲ್ಲಿಯೇ ಅವಧಿಯ ಮಾತು ಮತ್ತೆ ಬರುತ್ತದೆ. ಬ್ಯಾಟರಿಯ ವಾರಂಟಿ ಹತ್ತು ವರ್ಷವಾದ್ದರಿಂದ ಸಾಲವೂ ಹತ್ತು ವರ್ಷದಲ್ಲಿ ತೀರಬೇಕು ಎಂಬ ನಿಯಮವನ್ನು ಮೊದಲು ಹಾಕಿಕೊಂಡು, ಆಮೇಲೆ ಗಾತ್ರದ ಪ್ರಶ್ನೆ ಕೇಳಿದೆ. 8ರ ಬದಲು 6 ಕಿಲೋವ್ಯಾಟ್ ಹಾಕಿಸಿದರೆ ಪ್ಯಾನೆಲ್ಲಿನ ವೆಚ್ಚ 18,000ಕ್ಕೆ ಇಳಿದು ಒಟ್ಟು 32,000 ಆಗುತ್ತದೆ. ಹತ್ತು ವರ್ಷಕ್ಕೆ ಕಂತು ಸುಮಾರು 388 ಡಾಲರ್, ದೊಡ್ಡ ವ್ಯವಸ್ಥೆಯ 15 ವರ್ಷದ ಕಂತಿಗಿಂತ 25 ಡಾಲರ್ ಮಾತ್ರ ಹೆಚ್ಚು. ಆದರೆ ಒಟ್ಟು ಬಡ್ಡಿ 27,400ರಿಂದ 14,600 ಡಾಲರಿಗೆ ಇಳಿಯುತ್ತದೆ. ಕಳೆದುಕೊಳ್ಳುವುದೇನು? ವರ್ಷಕ್ಕೆ 9,000 ಯೂನಿಟ್ ಉತ್ಪಾದನೆಯಲ್ಲಿ ಹಗಲ ಬಳಕೆ 4,000ಕ್ಕೆ ಇಳಿಯಿತೆಂದೂ, ಬ್ಯಾಟರಿಗೆ ಮೊದಲಿನಂತೆ 3,600 ಹೋಯಿತೆಂದೂ, ಗ್ರಿಡ್ಡಿಗೆ 1,400 ಉಳಿಯಿತೆಂದೂ ಹಿಡಿದರೆ ವಾರ್ಷಿಕ ಲಾಭ ಸುಮಾರು 3,240 ಡಾಲರ್. ಅಂದರೆ ಕೊನೆಯ ಎರಡು ಕಿಲೋವ್ಯಾಟ್ ವರ್ಷಕ್ಕೆ ದುಡಿಯುತ್ತಿದ್ದುದು 460 ಡಾಲರ್, ಅವುಗಳಿಗಾಗಿ ಮಾಡಬೇಕಿದ್ದ 6,000 ಡಾಲರಿನ ಸಾಲಕ್ಕೆ 15 ವರ್ಷದ ಅವಧಿಯಲ್ಲೂ ವರ್ಷಕ್ಕೆ 690 ಡಾಲರ್ ಕಂತು. ಹಳೆಯ ನೆಟ್ ಮೀಟರಿಂಗ್ ಕಾಲದಲ್ಲಿ ಮಾಡು ತುಂಬ ಹಾಕಿಸುವುದು ಜಾಣತನವಾಗಿತ್ತು. ಈಗ ಸಾಲ ಮಾಡಿ ಹಾಕಿಸಿದ ಹೆಚ್ಚುವರಿ ಪ್ಯಾನೆಲ್ ಏಳು ಸೆಂಟಿಗೆ ಗ್ರಿಡ್ಡಿನ ಕೂಲಿ ಮಾಡುತ್ತದೆ. ಎರಡು ವರ್ಷದೊಳಗೆ ಎಲೆಕ್ಟ್ರಿಕ್ ಕಾರನ್ನೋ, ವಿದ್ಯುತ್ತಿನಿಂದ ಮನೆ ಬೆಚ್ಚಗಿಡುವ ಹೀಟ್ ಪಂಪನ್ನೋ ಖಚಿತವಾಗಿ ಕೊಳ್ಳುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಹಗಲ ಬಳಕೆ ಹೆಚ್ಚುವುದರಿಂದ 8 ಕಿಲೋವ್ಯಾಟೇ ಸರಿಯಾಗಬಹುದು.

ಬ್ಯಾಟರಿಯನ್ನು ಮಾತ್ರ ಪ್ರತ್ಯೇಕವಾಗಿ ತೂಗಿ ನೋಡಿದರೆ ಉತ್ತರ ಅಷ್ಟೊಂದು ಸಿಹಿಯಾಗಿಲ್ಲ. 3,600 ಯೂನಿಟ್‌ಗಳನ್ನು 7 ಸೆಂಟಿಗೆ ಮಾರುವ ಬದಲು 45 ಸೆಂಟಿನ ಹೊತ್ತಿಗೆ ಬಳಸುವುದರಿಂದ ಸಿಗುವುದು ವರ್ಷಕ್ಕೆ ಸುಮಾರು 1,370 ಡಾಲರ್. 14,000 ಡಾಲರಿನ ಹತ್ತು ವರ್ಷದ ಕಂತು ವರ್ಷಕ್ಕೆ 2,040 ಡಾಲರ್. ನಡುವಿನ 670 ಡಾಲರ್ ಕರೆಂಟ್ ಹೋದಾಗಲೂ ಮನೆ ನಡೆಯಬೇಕೆಂಬ ಆಸೆಗೆ ನಾವು ಕಟ್ಟುವ ವಾರ್ಷಿಕ ಬೆಲೆ. 2019ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚಿನ ಭಯದಿಂದ ಪಿಜಿ ಅಂಡ್ ಇ ಕಂಪನಿ ಉತ್ತರ ಕ್ಯಾಲಿಫೋರ್ನಿಯಾದ ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ವಿದ್ಯುತ್ ನಿಲ್ಲಿಸಿದ್ದನ್ನು ಕಂಡವರಿಗೆ ಈ ಬೆಲೆ ಹೆಚ್ಚೆನಿಸದು. ಬ್ಯಾಟರಿಯಿಲ್ಲದ ಸಾಮಾನ್ಯ ಸೋಲಾರ್ ವ್ಯವಸ್ಥೆ ಗ್ರಿಡ್ ನಿಂತ ಕೂಡಲೇ, ಲೈನ್ ಮೇಲೆ ಕೆಲಸ ಮಾಡುವವರ ಸುರಕ್ಷತೆಗಾಗಿ, ತಾನೂ ನಿಲ್ಲುತ್ತದೆ ಎಂಬುದು ಅನೇಕರಿಗೆ ಆಗ ತಿಳಿಯಿತು. ಮನೆಯಲ್ಲಿ ವೈದ್ಯಕೀಯ ಉಪಕರಣ ಬಳಸುವವರಿದ್ದರೆ, ಊರಿನಿಂದ ಬಂದ ವಯಸ್ಸಾದ ತಂದೆತಾಯಿಗಳಿದ್ದರೆ 670 ಡಾಲರಿನ ವಿಮೆ ಅಗ್ಗವೇ ಸರಿ. ವರ್ಷಕ್ಕೊಮ್ಮೆ ಒಂದು ಗಂಟೆ ಕರೆಂಟ್ ಹೋಗುವ ಬಡಾವಣೆಯಲ್ಲಿ ಮನೆಯನ್ನು ಅಡವಿಟ್ಟು ಅದನ್ನು ಕೊಳ್ಳುವುದು ನನಗೆ ಸರಿಕಾಣದು. ಬೇಡಿಕೆ ಏರಿದ ಸಂಜೆಗಳಲ್ಲಿ ಬ್ಯಾಟರಿಯ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟರೆ ಹಣ ಕೊಡುವ ಯೋಜನೆಗಳೂ ಇವೆ. ಅವು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅದರ ಆದಾಯವನ್ನು ನಾನು ಲೆಕ್ಕದೊಳಗೆ ತಂದಿಲ್ಲ.

2022ರ ಕಾಯ್ದೆಯಂತೆ ಸೋಲಾರ್ ಹಾಕಿಸಿದ ಮನೆಮಾಲೀಕರಿಗೆ ಸಿಗುತ್ತಿದ್ದ ಶೇ. 30ರ ಫೆಡರಲ್ ತೆರಿಗೆ ಕ್ರೆಡಿಟ್ (ವೆಚ್ಚದ ಅಷ್ಟು ಪಾಲನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ರಿಯಾಯಿತಿ) 2034ರವರೆಗೆ ಹಂತಹಂತವಾಗಿ ಮುಂದುವರಿಯಬೇಕಿತ್ತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಅದನ್ನು 2025ರ ಡಿಸೆಂಬರ್ 31ಕ್ಕೇ ಮುಗಿಸಿತು. ನಮ್ಮ ಉದಾಹರಣೆಯಲ್ಲಿ ಆ ಕ್ರೆಡಿಟ್ 11,400 ಡಾಲರ್ ಆಗುತ್ತಿತ್ತು, ಮತ್ತು ವಿಚಿತ್ರವೆಂದರೆ ಶೇ. 30ರ ಡೀಲರ್ ಫೀ ಕೂಡ ಸರಿಯಾಗಿ ಅಷ್ಟೇ. ಸರ್ಕಾರ ಒಂದು ಕೈಯಲ್ಲಿ ಕೊಟ್ಟದ್ದು ಬಹಳ ಮನೆಗಳಲ್ಲಿ ಇನ್ನೊಂದು ಬಾಗಿಲಿನಿಂದ ಹೊರಟುಹೋಗುತ್ತಿತ್ತು. ಈಗ ಕ್ರೆಡಿಟ್ ಉಳಿದಿರುವುದು ಪ್ಯಾನೆಲ್‌ಗಳನ್ನು ತಾವೇ ಇಟ್ಟುಕೊಂಡು ನಮಗೆ ಲೀಸಿಗೆ ಕೊಡುವ ಕಂಪನಿಗಳಿಗೆ, ಅದೂ ಸೀಮಿತ ಕಾಲಕ್ಕೆ. ಹೀಗಾಗಿ ಲೀಸಿನ ಮಾತು ಜೋರಾಗಿದೆ. ಲೀಸಿನಲ್ಲಿ ಮನೆಯ ಅಡಮಾನವಿಲ್ಲವೆಂಬುದು ನಿಜ. ಆದರೆ 20–25 ವರ್ಷದ ಒಪ್ಪಂದ, ಹಲವೆಡೆ ವರ್ಷವರ್ಷವೂ ಏರುವ ಬಾಡಿಗೆ, ಮನೆ ಮಾರುವಾಗ ಕೊಳ್ಳುವವರು ಆ ಒಪ್ಪಂದವನ್ನು ಒಪ್ಪಿ ವಹಿಸಿಕೊಳ್ಳಬೇಕಾದ ತೊಡಕು ಇವೆಲ್ಲ ಜೊತೆಗೆ ಬರುತ್ತವೆ. ಹೋಮ್ ಈಕ್ವಿಟಿ ಸಾಲವಾದರೆ ಮಾರಾಟದ ದಿನ ಬಂದ ಹಣದಲ್ಲೇ ತೀರಿ, ಪ್ಯಾನೆಲ್‌ಗಳು ಯಾವ ಹಂಗೂ ಇಲ್ಲದೆ ಹೊಸ ಮಾಲೀಕರಿಗೆ ಸೇರುತ್ತವೆ.

ತೆರಿಗೆಯಲ್ಲಿ ಉಳಿದಿರುವ ಇನ್ನೊಂದು ಅನುಕೂಲವನ್ನು ಬ್ಯಾಂಕಿನವರು ದೊಡ್ಡದು ಮಾಡಿ ಹೇಳುತ್ತಾರೆ. 2017ರ ತೆರಿಗೆ ಕಾಯ್ದೆಯ ನಂತರ, ಈಕ್ವಿಟಿ ಸಾಲದ ಹಣವನ್ನು ಅದೇ ಮನೆಯನ್ನು ಕೊಳ್ಳಲು, ಕಟ್ಟಲು ಅಥವಾ ಗಣನೀಯವಾಗಿ ಸುಧಾರಿಸಲು ಬಳಸಿದರೆ ಮಾತ್ರ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು, ಅದೂ ಮೊದಲ ಸಾಲ ಸೇರಿ ಅಸಲು 7,50,000 ಡಾಲರನ್ನು ಮೀರದಷ್ಟಕ್ಕೆ. ಮಾಡಿನ ಮೇಲಿನ ಸೋಲಾರನ್ನು ಇಂಥ ಸುಧಾರಣೆ ಎಂದು ವಾದಿಸಲು ಬಲವಾದ ಕಾರಣಗಳಿವೆ. ಆದರೆ ದಂಪತಿಗಳಿಗೆ 2025ರ ಸ್ಟ್ಯಾಂಡರ್ಡ್ ಡಿಡಕ್ಷನ್ನೇ (ಖರ್ಚಿನ ವಿವರ ಕೊಡದೆ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ) 31,500 ಡಾಲರ್ ಇರುವಾಗ, ಅದನ್ನು ಮೀರುವಷ್ಟು ಕಡಿತಗಳಿಲ್ಲದವರಿಗೆ ಇದರಿಂದ ಕಾಸೂ ಸಿಗುವುದಿಲ್ಲ. ಮೀರುವವರಿಗೆ, ಶೇ. 24ರ ತೆರಿಗೆ ಹಂತದಲ್ಲಿ, ಶೇ. 8ರ ಬಡ್ಡಿ ಸುಮಾರು ಶೇ. 6ರಂತೆ ಕೂರುತ್ತದೆ. ನಿಮ್ಮ ಪರಿಸ್ಥಿತಿ ಯಾವುದೆಂದು ಕಳೆದ ವರ್ಷದ ರಿಟರ್ನ್ ತೆರೆದು ನೋಡಿದರೆ ತಿಳಿಯುತ್ತದೆ.

ಕಂಪನಿಯ ಸಾಲಕ್ಕಿರುವ ಒಂದು ರಕ್ಷಣೆ ಈಕ್ವಿಟಿ ಸಾಲಕ್ಕಿಲ್ಲ ಎಂಬುದನ್ನು ಮುಚ್ಚಿಡಬಾರದು. ಮಾರಾಟಗಾರನೇ ಏರ್ಪಡಿಸಿಕೊಟ್ಟ ಸಾಲದಲ್ಲಿ, ಫೆಡರಲ್ ಟ್ರೇಡ್ ಕಮಿಷನ್ನಿನ ಹೋಲ್ಡರ್ ನಿಯಮದಂತೆ, ಮಾರಾಟಗಾರನ ವಿರುದ್ಧ ನಮಗಿರುವ ತಕರಾರುಗಳನ್ನು ಸಾಲ ಕೊಟ್ಟವರ ವಿರುದ್ಧವೂ ಎತ್ತಬಹುದು. ನಾವೇ ನಮ್ಮ ಬ್ಯಾಂಕಿನಿಂದ ತಂದ ಹಣಕ್ಕೆ ಆ ಗುರಾಣಿಯಿಲ್ಲ. ಅಳವಡಿಸಿದವರು ಅರ್ಧಕ್ಕೆ ಕೈಬಿಟ್ಟರೂ ಬ್ಯಾಂಕಿಗೆ ಕಂತು ಹೋಗುತ್ತಲೇ ಇರಬೇಕು. ಇದು ಊಹೆಯ ಭಯವಲ್ಲ. 2024ರ ಆಗಸ್ಟಿನಲ್ಲಿ ಸೋಲಾರ್ ಕಂಪನಿ ಸನ್‌ಪವರ್, 2025ರ ಜೂನ್‌ನಲ್ಲಿ ಇನ್ನೊಂದು ಸೋಲಾರ್ ಕಂಪನಿ ಸನ್ನೋವಾ ಮತ್ತು ಸೋಲಾರ್ ಸಾಲಗಳನ್ನೇ ಕೊಡುತ್ತಿದ್ದ ಮೊಸಾಯಿಕ್ ದಿವಾಳಿ ಅರ್ಜಿ ಹಾಕಿದವು. ತಯಾರಕರ ವಾರಂಟಿ ಉಳಿದರೂ ಕೆಲಸದ ವಾರಂಟಿ ಅಳವಡಿಸಿದ ಕಂಪನಿಯ ಜೊತೆಗೇ ಹೋಗುತ್ತದೆ. ಹಂತಹಂತವಾಗಿ ಹಣ ಕೊಡುವ ಷರತ್ತಿನ ಮೇಲೆ ನಾನು ಅಷ್ಟು ಒತ್ತು ಕೊಟ್ಟದ್ದು ಈ ಕಾರಣಕ್ಕೆ; ಗುರಾಣಿಯಿಲ್ಲದವರಿಗೆ ಕೈಯಲ್ಲಿ ಉಳಿದ ಕೊನೆಯ ಕಂತೇ ಬಲ.

ನಮ್ಮಲ್ಲಿ ಅನೇಕರ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಉಳಿದೆಲ್ಲಕ್ಕಿಂತ ದೊಡ್ಡದು. ಎಚ್‌-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ಉದ್ಯೋಗ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡಿನ ಸಾಲಿನಲ್ಲಿ ದಶಕಗಟ್ಟಲೆ ನಿಂತವರು ಮನೆ ಕೊಂಡಿದ್ದಾರೆ, ಮಕ್ಕಳನ್ನು ಬೆಳೆಸಿದ್ದಾರೆ, ಆದರೆ ಈ 60 ದಿನದ ಗಡುವು ಅವರ ಮೇಲೆ ಹಾಗೆಯೇ ಇದೆ. ಉಳಿತಾಯಕ್ಕಾಗಿ ಹಾಕಿಸಿದ ಪ್ಯಾನೆಲ್‌ಗಳು ಹಣ ಹಿಂದಿರುಗಿಸಲು ಹತ್ತು ಹದಿನೈದು ವರ್ಷ ಬೇಕು, ಅಷ್ಟು ವರ್ಷ ಅದೇ ಮನೆಯಲ್ಲಿರುತ್ತೇವೆಂಬ ಖಾತ್ರಿ ಇಲ್ಲದವರು ಮನೆಯನ್ನು ಎರಡನೆಯ ಬಾರಿ ಅಡವಿಡುವ ಮೊದಲು ಬಹಳ ಯೋಚಿಸಬೇಕು. ಸೋಲಾರ್ ಇರುವ ಮನೆಗಳು ಸರಾಸರಿ ಶೇ. 4.1ರಷ್ಟು ಹೆಚ್ಚು ಬೆಲೆಗೆ ಮಾರಾಟವಾದವೆಂದು ಮನೆ ಮಾರಾಟದ ಜಾಲತಾಣ ಝಿಲೋ 2019ರಲ್ಲಿ ಹೇಳಿತ್ತು ನಿಜ. ಅದು ನೆಟ್ ಮೀಟರಿಂಗ್ ಉದಾರವಾಗಿದ್ದ ಕಾಲದ ಅಂಕಿ, ಮೇಲಾಗಿ ಅವಸರದಲ್ಲಿ ಮಾರುವವರಿಗೆ ಸರಾಸರಿ ಬೆಲೆ ಸಿಗುವುದು ಕಷ್ಟ. ಅಂಥ ಪರಿಸ್ಥಿತಿಯಲ್ಲಿರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಆರು ತಿಂಗಳ ಮನೆಖರ್ಚಿನ ಜೊತೆ ಈ ಹೊಸ ಕಂತೂ ಸೇರಿದ ಮೊತ್ತ ಬೇರೆಯಾಗಿ ಬ್ಯಾಂಕಿನಲ್ಲಿಲ್ಲದಿದ್ದರೆ, ಸದ್ಯಕ್ಕೆ ಗ್ರಿಡ್ಡಿನ ಬಿಲ್ಲನ್ನೇ ಕಟ್ಟಿ. ಹೆಲಾಕನ್ನೇ ತುರ್ತು ನಿಧಿಯೆಂದು ನಂಬಿದವರು ಗಮನಿಸಬೇಕಾದದ್ದು, ಮನೆಯ ಬೆಲೆ ಗಣನೀಯವಾಗಿ ಕುಸಿದರೆ ತೆಗೆಯದೆ ಉಳಿದ ಮಿತಿಯನ್ನು ಬ್ಯಾಂಕು ತಡೆಹಿಡಿಯಬಹುದು. 2008ರ ಬಿಕ್ಕಟ್ಟಿನಲ್ಲಿ ಅನೇಕ ಬ್ಯಾಂಕುಗಳು ಹಾಗೆಯೇ ಮಾಡಿದವು.

ನಮ್ಮ ಮನೆಗೆ ಹೊಂದುವುದು 6 ಕಿಲೋವ್ಯಾಟ್ ಪ್ಯಾನೆಲ್, ಒಂದೇ ಬ್ಯಾಟರಿ ಮತ್ತು ಸ್ಥಿರ ಬಡ್ಡಿಯ ಹತ್ತು ವರ್ಷದ ಸಾಲ ಎಂಬಲ್ಲಿಗೆ ನಾವು ಬಂದು ನಿಂತಿದ್ದೇವೆ. ಕಂತು ಹಲವು ವರ್ಷ ಉಳಿತಾಯಕ್ಕಿಂತ ಹೆಚ್ಚೇ ಇರುತ್ತದೆ, ಅದನ್ನು ಸಂಬಳದಿಂದ ತುಂಬಬೇಕು. ಹತ್ತು ವರ್ಷದ ನಂತರ ಪ್ಯಾನೆಲ್‌ಗಳಿಗೆ ಇನ್ನೂ ಹದಿನೈದು ವರ್ಷದ ವಾರಂಟಿ ಉಳಿದಿರುತ್ತದೆ, ಸಾಲ ಉಳಿದಿರುವುದಿಲ್ಲ. ಅರ್ಜಿ ಹಾಕುವ ಮೊದಲು ಇತ್ಯರ್ಥವಾಗಬೇಕಾದದ್ದು ಮಾಡಿನ ಪ್ರಶ್ನೆ. ಇನ್ನು ಏಳೆಂಟು ವರ್ಷದಲ್ಲಿ ಹೊದಿಕೆ ಬದಲಾಯಿಸಬೇಕಾಗಿ ಬಂದರೆ ಪ್ಯಾನೆಲ್‌ಗಳನ್ನು ಬಿಚ್ಚಿ ಮತ್ತೆ ಕೂರಿಸಲು ಸಾವಿರಾರು ಡಾಲರ್ ಬೇಕಾಗುತ್ತದೆ, ಈಗಲೇ ಬದಲಾಯಿಸಿದರೆ ಸಾಲದ ಮೊತ್ತವೇ ಬೇರೆಯಾಗುತ್ತದೆ. ಮಾಡು ಪರೀಕ್ಷಿಸುವವರು ವರದಿ ಕೊಟ್ಟ ಮೇಲೆಯೇ ಬ್ಯಾಂಕಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ.